ಒಂದು ಫೋಟೋದ ಬಾಕಿ

ನಮ್ಮ ಪಾಲಿಬೆಟ್ಟದ ಫೋಟೋ ಕ್ಲಬ್ಬಿನಲ್ಲಿ ಬೇರೆಲ್ಲೂ ಕಾಣದ ಒಂದು ನಿಯಮವಿದೆ. ಮನುಷ್ಯರ ಚಿತ್ರವನ್ನು ಸ್ಪರ್ಧೆಗೆ ಕೊಡುವವರು ಅದರ ಹಿಂಬದಿಯಲ್ಲಿ ‘ಚಿತ್ರದಲ್ಲಿರುವವರಿಗೆ ಒಂದು ಪ್ರತಿ ಕೊಟ್ಟಿದ್ದೇನೆ’ ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಬೇಕು. ಅದಿಲ್ಲದಿದ್ದರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ತೀರ್ಪುಗಾರರ ಮೇಜಿಗೆ ಹೋಗುವುದಿಲ್ಲ.

ಹೊಸದಾಗಿ ಸೇರಿದ ಮಕ್ಕಳು, “ತಾತ, ಈ ರೂಲ್ಸು ಯಾರು ಮಾಡಿದ್ದು?” ಎಂದು ಕೇಳುತ್ತಾರೆ. ಉಳಿದವರೆಲ್ಲ ನನ್ನ ಕಡೆ ನೋಡಿ ನಗುತ್ತಾರೆ. ನಾನು ಮಾಡಿದ ಒಂದು ತಪ್ಪಿನಿಂದ ಹುಟ್ಟಿದ ನಿಯಮ ಅದು. ಆ ಕಥೆಯನ್ನು ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಈಗ 75 ವರ್ಷ. ಬಿ.ಕಾಂ. ಮುಗಿಸಿ 1972ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದೆ. ಮೊದಲ ಏಳು ವರ್ಷ ಬೆಂಗಳೂರು. ಕೈಯಲ್ಲಿ ಹಳೆಯದೊಂದು ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಇಂದಿನ ಮಕ್ಕಳು ಒಂದು ಬೆಕ್ಕಿನ ಮರಿಗೆ ಒಂದು ನಿಮಿಷದಲ್ಲಿ ನೂರು ಫೋಟೋ ತೆಗೆಯುತ್ತಾರೆ. ನಮಗೆ ಹನ್ನೆರಡು ಮುಗಿದರೆ ಮುಂದಿನ ಸಂಬಳದವರೆಗೆ ಕಾಯಬೇಕಿತ್ತು. ಹಾಗಾಗಿ ಬಟನ್ ಒತ್ತುವ ಮುಂಚೆ ಹತ್ತು ಸಲ ಯೋಚನೆ ಮಾಡುತ್ತಿದ್ದೆವು. ಅಷ್ಟಾದ ಮೇಲೂ ಅರ್ಧ ಹಾಳಾಗುತ್ತಿದ್ದವು, ಅದು ಬೇರೆ ಮಾತು.

ಆಗ ಬೆಂಗಳೂರಿನಲ್ಲಿ ಫೋಟೋ ಹುಚ್ಚಿನವರ ದೊಡ್ಡ ಗುಂಪೇ ಇತ್ತು. ದೇಶದ ಕ್ಲಬ್ಬುಗಳನ್ನೆಲ್ಲ ಒಂದುಗೂಡಿಸಿದ ಭಾರತೀಯ ಛಾಯಾಗ್ರಹಣ ಒಕ್ಕೂಟ 1953ರಲ್ಲಿ ಆರಂಭವಾಯಿತು. ಅದರ ಹಿಂದೆ ದುಡಿದವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಮುಖ್ಯರು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಎಲ್ಲರ ಬಾಯಲ್ಲಿ ಅದು ‘ವೈಪಿಎಸ್’. ಅದು ಇಂದಿಗೂ ನಡೆಯುತ್ತಿದೆ, ದೇಶ ವಿದೇಶದ ಚಿತ್ರಗಳನ್ನು ತರಿಸಿ ಸ್ಪರ್ಧೆ ಮಾಡುತ್ತದೆ. ಕಾಡು ಪ್ರಾಣಿಗಳ ಚಿತ್ರ ಎಂದರೆ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಹೆಸರು. ಜನರ ಚಿತ್ರ ಎಂದರೆ ಮೈಸೂರಿನ ಟಿ.ಎಸ್. ಸತ್ಯನ್. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಸತ್ಯನ್ ತೆಗೆದಿದ್ದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲೇ ನಡೆಯಿತು. ನಮ್ಮೂರ ಕಡೆಯ ಬೀದಿ ಮಕ್ಕಳ ನಗು ಅಲ್ಲಿಯವರೆಗೆ ಹೋಯಿತಲ್ಲ ಎಂದು ನಮಗೆಲ್ಲ ಹೆಮ್ಮೆ.

ಕ್ಲಬ್ಬುಗಳಲ್ಲಿ ನಡೆಯುತ್ತಿದ್ದುದು ಇಷ್ಟು. ತಿಂಗಳಿಗೊಂದು ಸ್ಪರ್ಧೆ. ಎಲ್ಲರೂ ತಾವು ತೊಳೆದು ತಂದ ಚಿತ್ರಗಳನ್ನು ಗೋಡೆಗೆ ಒರಗಿಸಿ ಇಡುವುದು. ಹಿರಿಯರು ಒಂದೊಂದರ ಮುಂದೆಯೂ ನಿಂತು ಹೇಳುವುದು: “ಇಲ್ಲಿ ಬೆಳಕು ಚೆನ್ನಾಗಿದೆ. ಈ ಮೂಲೆಯಲ್ಲಿ ಬಕೆಟ್ ಯಾಕೆ ಬಂತು? ದಿಗಂತ ಸೊಟ್ಟಗಿದೆ, ಸಮುದ್ರದ ನೀರೆಲ್ಲ ಚೆಲ್ಲಿಹೋಗುತ್ತೆ ನೋಡಿ.” ಮೊದಲ ಸಲ ನನ್ನ ಚಿತ್ರದ ಮುಂದೆ ನಿಂತ ಹಿರಿಯರೊಬ್ಬರು ತುಂಬಾ ಹೊತ್ತು ನೋಡಿ, “ಕಾಗದ ಒಳ್ಳೆ ಕಾಗದ” ಎಂದರು. ಅಷ್ಟೇ! ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರ ಮೇಲೆ ಸಿಟ್ಟು. ಆದರೆ ನಾನು ಕಲಿತದ್ದೆಲ್ಲ ಅಂಥವರಿಂದಲೇ.

ದೊಡ್ಡ ಸ್ಪರ್ಧೆಗಳಿಗೆ ‘ಸಲೂನ್’ ಎನ್ನುತ್ತಾರೆ. ಕ್ಷೌರದಂಗಡಿಯಲ್ಲ ಮಕ್ಕಳೇ! ಚಿತ್ರಗಳ ಪ್ರದರ್ಶನಕ್ಕೆ ಫ್ರೆಂಚರು ಇಟ್ಟ ಹೆಸರು ಅದು. ಊರೂರಿನಿಂದ ಅಂಚೆಯಲ್ಲಿ ಚಿತ್ರ ಬರುತ್ತವೆ. ತೀರ್ಪುಗಾರರು ಅಂಕ ಕೊಡುತ್ತಾರೆ. ಆಯ್ಕೆಯಾದರೆ ಚಿತ್ರದ ಬೆನ್ನಿಗೆ ಒಂದು ಬಣ್ಣದ ಚೀಟಿ ಅಂಟಿಸಿ ವಾಪಸು ಕಳಿಸುತ್ತಾರೆ. ಆ ಚೀಟಿಗಾಗಿ ನಾವು ನಿದ್ದೆಗೆಡುತ್ತಿದ್ದೆವು.

1979ರಲ್ಲಿ ನನಗೆ ಪಾಲಿಬೆಟ್ಟಕ್ಕೆ ವರ್ಗವಾಯಿತು. ಸುತ್ತ ಕಾಫಿ ತೋಟ, ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ಬೆಳಿಗ್ಗೆ ಮಂಜಿನಲ್ಲಿ ಮರಗಳ ನಡುವೆ ಬಿಸಿಲಿನ ಕೋಲು ಇಳಿಯುವುದನ್ನು ನೋಡಿ, ‘ಇಲ್ಲಿಂದ ಹೋಗುವುದಿಲ್ಲ’ ಎಂದುಕೊಂಡೆ. ಹೋಗಲೂ ಇಲ್ಲ. ನಡುವೆ ಬೇರೆ ಊರುಗಳ ಶಾಖೆಗಳಲ್ಲಿ ದುಡಿದರೂ ಮನೆ ಇಲ್ಲೇ ಮಾಡಿದೆ, 2010ರಲ್ಲಿ ನಿವೃತ್ತನಾಗಿ ಇಲ್ಲೇ ಉಳಿದೆ.

ಕೊಡಗಿನಲ್ಲಿ ಫೋಟೋ ತೆಗೆಯುವವನ ದೊಡ್ಡ ಶತ್ರು ಮಳೆ. ಜೂನಿನಿಂದ ಶುರುವಾದರೆ ತಿಂಗಳುಗಟ್ಟಲೆ ಬಟ್ಟೆ ಒಣಗುವುದಿಲ್ಲ. ಕ್ಯಾಮೆರಾದ ಗಾಜಿನ ಒಳಗೆ ಬಲೆ ಕಟ್ಟಿದ ಹಾಗೆ ಬೂಷ್ಟು ಹಿಡಿಯುತ್ತದೆ. ನಾನು ಬಿಸ್ಕತ್ತಿನ ದೊಡ್ಡ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳಿನ ಜೊತೆ ಕ್ಯಾಮೆರಾ ಇಡುತ್ತಿದ್ದೆ. ಒಣಗಿದ್ದಾಗ ಆ ಹರಳು ನೀಲಿ, ತೇವ ಕುಡಿದರೆ ಗುಲಾಬಿ. ಗುಲಾಬಿಯಾದಾಗ ಬಾಣಲೆಯಲ್ಲಿ ಹಾಕಿ ಹುರಿದರೆ ಮತ್ತೆ ನೀಲಿ. ನನ್ನ ಹೆಂಡತಿ, “ಬೇರೆಯವರ ಮನೆಯಲ್ಲಿ ರವೆ ಹುರೀತಾರೆ, ನಮ್ಮನೇಲಿ ಗಾಜು ಹುರೀತಾರೆ” ಎನ್ನುತ್ತಿದ್ದಳು. ಅದಕ್ಕೆಂದೇ ಒಂದು ಹಳೇ ಬಾಣಲೆ ಬೇರೆ ಇಟ್ಟಿದ್ದಳು, ಪುಣ್ಯಾತ್ಗಿತ್ತಿ.

ರಾತ್ರಿ ನಮ್ಮ ಬಚ್ಚಲುಮನೆಯೇ ಡಾರ್ಕ್‌ರೂಮು. ಕೆಂಪು ಬಲ್ಬು, ಮೂರು ತಟ್ಟೆ. ಒಂದರಲ್ಲಿ ಡೆವಲಪರ್, ಒಂದರಲ್ಲಿ ನೀರು, ಒಂದರಲ್ಲಿ ಹೈಪೋ. ಬೆಳಕು ಬಿದ್ದ ಬಿಳಿ ಕಾಗದವನ್ನು ಡೆವಲಪರ್‌ನಲ್ಲಿ ಮುಳುಗಿಸಿ ತಟ್ಟೆಯನ್ನು ಮೆಲ್ಲಗೆ ಅಲುಗಾಡಿಸುತ್ತಿದ್ದರೆ, ಮೊದಲು ಕಣ್ಣು, ಆಮೇಲೆ ಕೂದಲು, ಆಮೇಲೆ ಮುಖ ಮೂಡಿಬರುತ್ತದೆ. ನೂರು ಸಲ ನೋಡಿದರೂ ಬೇಸರವಾಗದ ನೋಟ ಅದು. ಅಷ್ಟರಲ್ಲಿ ಕರೆಂಟು ಹೋಗದಿದ್ದರೆ!

ಈಗ ಬಾಕಿಯ ಕಥೆಗೆ ಬರುತ್ತೇನೆ.

1983ರ ಜನವರಿ. ರೋಬಸ್ಟಾ ಕುಯ್ಲಿನ ಕಾಲ. ಒಂದು ಭಾನುವಾರ ಬೆಳಿಗ್ಗೆ ಯಾಶಿಕಾ 635 ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಪರಿಚಯದ ತೋಟವೊಂದಕ್ಕೆ ಹೋಗಿದ್ದೆ. ಇದು ಎದೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ ಮೇಲಿನಿಂದ ನೋಡುವ ಕ್ಯಾಮೆರಾ. ಚಿತ್ರ ಚೌಕಾಕಾರ. ಲೈನ್ ಮನೆಗಳ ಮುಂದೆ ಒಬ್ಬ ತಾಯಿ ನಿಂತಿದ್ದಳು. ಯರವ ಸಮುದಾಯದವಳು, ತೋಟದಲ್ಲಿ ಹಣ್ಣು ಕುಯ್ಯುವವಳು. ಮೂವತ್ತೈದು ನಲವತ್ತು ವಯಸ್ಸಿರಬಹುದು. ಸೊಂಟಕ್ಕೆ ಚೀಲ ಕಟ್ಟಿ, ತಲೆಗೆ ಬಟ್ಟೆ ಸುತ್ತಿ ಹೊರಟಿದ್ದಳು. ಮರದ ಸಂದಿನಿಂದ ಬಂದ ಬಿಸಿಲು ಸರಿಯಾಗಿ ಅವಳ ಮುಖದ ಒಂದು ಬದಿಗೆ ಬಿದ್ದಿತ್ತು.

“ಒಂದು ಫೋಟೋ ತೆಗೀಲಾ ತಾಯಿ?” ಎಂದೆ.

ಅವಳು ಸೆರಗು ಸರಿಮಾಡಿಕೊಂಡು, “ತೆಗೀರಿ ಸಾಮಿ. ನಂಗೆ ಒಂದು ಪಟ ಕೊಡ್ತೀರಾ?” ಎಂದು ಕೇಳಿದಳು.

“ಖಂಡಿತ ಕೊಡ್ತೀನಿ” ಎಂದೆ.

ಅವಳು ನಕ್ಕಳು. ಆ ನಗುವಿನಲ್ಲೇ ಬಟನ್ ಒತ್ತಿದೆ.

ಚಿತ್ರ ಚೆನ್ನಾಗಿ ಬಂತು. ಹನ್ನೆರಡು ಇಂಚು ಹದಿನೈದು ಇಂಚಿನ ಕಾಗದಕ್ಕೆ ಹಿಗ್ಗಿಸಿದೆ. ಚೌಕದ ಚಿತ್ರವನ್ನು ಉದ್ದಕ್ಕೆ ಮಾಡಬೇಕಾದ್ದರಿಂದ ಎರಡೂ ಬದಿ ಕತ್ತರಿಸಿದೆ. ‘ಚಿತ್ರದಲ್ಲಿ ಬೇಡದ್ದು ಏನೂ ಇರಬಾರದು’ ಎಂದು ಬೆಂಗಳೂರಿನಲ್ಲಿ ಕಲಿತಿದ್ದೆನಲ್ಲ. ಹೊರರಾಜ್ಯದ ಒಂದು ಸಲೂನಿಗೆ ಕಳಿಸಿದೆ. ಪ್ರಶಸ್ತಿ ಪತ್ರ ಬಂತು! ಮ್ಯಾನೇಜರು ಸಿಹಿ ಹಂಚಿದರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಅವಳಿಗೆ ಪಟ? ಚಿಕ್ಕ ಅಳತೆಯ ಕಾಗದ ಮುಗಿದಿತ್ತು, ಮೈಸೂರಿಗೆ ಹೋದಾಗ ತರೋಣ ಎಂದುಕೊಂಡೆ. ಮೈಸೂರಿಗೆ ಹೋದೆ, ಮರೆತು ಬಂದೆ. ಒಂದು ಮಧ್ಯಾಹ್ನ ಬ್ಯಾಂಕಿನ ಬಾಗಿಲ ಹೊರಗೆ ಅವಳು ನಿಂತಿದ್ದಳು. ಒಳಗೆ ಬರಲು ಸಂಕೋಚ. ನಾನೇ ಹೊರಗೆ ಹೋದೆ. “ನನ್ನ ಪಟ ಬಂತಾ ಸಾಮಿ?” “ಮುಂದಿನ ವಾರ ಬಾಮ್ಮ” ಎಂದೆ. ಮುಂದಿನ ವಾರ ಬಂದಳು. “ಇನ್ನೊಂದು ವಾರ” ಎಂದೆ. ಮೂರನೆಯ ಸಲ ಬಂದಾಗ ಕೌಂಟರಿನಲ್ಲಿ ಜನ ತುಂಬಿದ್ದರು, ನಾನು ತಲೆಯೆತ್ತಿ ನೋಡಿ ಮತ್ತೆ ಲೆಡ್ಜರಿಗೆ ತಲೆ ತಗ್ಗಿಸಿದೆ. ಹದಿನೈದು ನಿಮಿಷ ಬಿಟ್ಟು ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ಅವಳು ಬರಲೇ ಇಲ್ಲ. ಮಳೆಗಾಲ ಕಳೆದು ವಿಚಾರಿಸಿದರೆ ಆ ಕುಟುಂಬ ಬೇರೆ ತೋಟಕ್ಕೆ ಹೋಗಿತ್ತು.

ಬ್ಯಾಂಕಿನಲ್ಲಿ ‘ಸಸ್ಪೆನ್ಸ್ ಅಕೌಂಟ್’ ಎಂದು ಒಂದು ಇರುತ್ತದೆ. ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ತಕ್ಷಣ ಗೊತ್ತಾಗದ ಹಣವನ್ನು ತಾತ್ಕಾಲಿಕವಾಗಿ ಅಲ್ಲಿ ಇಡುತ್ತೇವೆ. ಆದಷ್ಟು ಬೇಗ ಸರಿಯಾದ ಜಾಗಕ್ಕೆ ಸೇರಿಸಿ ಮುಗಿಸಬೇಕು, ಇಲ್ಲದಿದ್ದರೆ ತಪಾಸಣೆಗೆ ಬಂದವರು ಬಿಡುವುದಿಲ್ಲ. ನಾನು ಆ ಪಟದ ಮಾತನ್ನು ಮನಸ್ಸಿನ ಸಸ್ಪೆನ್ಸ್ ಅಕೌಂಟಿಗೆ ಹಾಕಿದೆ. ತಪಾಸಣೆಗೆ ನಲವತ್ತೊಂದು ವರ್ಷ ಯಾರೂ ಬರಲಿಲ್ಲ.

ಬಂದದ್ದು ನನ್ನ ಮೊಮ್ಮಗಳು.

ಈಗ ನಮ್ಮ ಕ್ಲಬ್ಬಿನ ವಿಷಯ ಸ್ವಲ್ಪ ಹೇಳಬೇಕು. ಇದಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ರಿಜಿಸ್ಟರ್ ಕೂಡ ಆಗಿಲ್ಲ. ಇಬ್ಬರು ಶಾಲಾ ಮೇಷ್ಟ್ರು, ಒಬ್ಬರು ಸ್ಟುಡಿಯೋದವರು, ಕೆಲವರು ತೋಟದವರು, ನಿವೃತ್ತರಾದ ಅರಣ್ಯ ಇಲಾಖೆಯವರೊಬ್ಬರು, ನಾನು, ಮತ್ತು ಹದಿನೈದಿಪ್ಪತ್ತು ಮಕ್ಕಳು. ತಿಂಗಳ ಮೊದಲ ಭಾನುವಾರ ಒಬ್ಬರ ಮನೆಯ ಕಾಫಿ ಕಣದಲ್ಲಿ ಸೇರುತ್ತೇವೆ. ಹೆಚ್ಚಿನ ಮಕ್ಕಳ ಕೈಯಲ್ಲಿರುವುದು ಅಪ್ಪ ಅಮ್ಮನ ಮೊಬೈಲು. ಕ್ಯಾಮೆರಾ ಇಲ್ಲ ಎಂದು ಯಾರೂ ಹಿಂಜರಿಯಬೇಕಿಲ್ಲ.

ಮೊದಲ ಪಾಠ ಕತ್ತಲೆ ಕೋಣೆಯದು. ನೀವೂ ಮನೆಯಲ್ಲಿ ಮಾಡಿ ನೋಡಿ. ಹೊರಗೆ ಚೆನ್ನಾಗಿ ಬಿಸಿಲಿರಬೇಕು. ಒಂದೇ ಕಿಟಕಿಯ ಕೋಣೆಯಾದರೆ ಒಳ್ಳೆಯದು. ಕಿಟಕಿಗೆ ರಟ್ಟು, ಕಂಬಳಿ ಕಟ್ಟಿ ಬೆಳಕು ಬರದಂತೆ ಮುಚ್ಚಿ. ಬಾಗಿಲ ಸಂದಿಗೂ ಬಟ್ಟೆ ತುರುಕಿ. ಈಗ ರಟ್ಟಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ತೂತು ಮಾಡಿ. ಎದುರಿಗೆ ಬಿಳಿ ಪಂಚೆ ಹಿಡಿಯಿರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಐದು ನಿಮಿಷ ಬೇಕು. ಆಮೇಲೆ ನೋಡಿ, ಹೊರಗಿನ ಮರ, ಮನೆ, ಆಕಾಶ ಎಲ್ಲ ಪಂಚೆಯ ಮೇಲೆ ತಲೆಕೆಳಗಾಗಿ ಮೂಡಿರುತ್ತವೆ! ಬೆಳಕು ನೇರ ಗೆರೆಯಲ್ಲಿ ಸಾಗುವುದರಿಂದ ಮರದ ತುದಿಯ ಬೆಳಕು ತೂತಿನ ಮೂಲಕ ಕೆಳಗೆ ಬೀಳುತ್ತದೆ, ಬುಡದ ಬೆಳಕು ಮೇಲೆ ಬೀಳುತ್ತದೆ. ಕ್ಯಾಮೆರಾ ಅಂದರೆ ಇಷ್ಟೇ, ಒಂದು ಕತ್ತಲೆ ಕೋಣೆ. ಹಾಗೆ ಮೂಡಿದ ಚಿತ್ರವನ್ನು ಅಳಿಯದಂತೆ ಹಿಡಿದಿಡುವ ವಿದ್ಯೆಯನ್ನು ಫ್ರಾನ್ಸ್ ದೇಶ ಜಗತ್ತಿನ ಮುಂದೆ ಬಿಚ್ಚಿಟ್ಟದ್ದು 1839ರ ಆಗಸ್ಟ್ 19ರಂದು. ಅದಕ್ಕೇ ಆ ದಿನ ವಿಶ್ವ ಛಾಯಾಗ್ರಹಣ ದಿನ.

ಮೊದಲ ಸಲ ಇದನ್ನು ಮಾಡಿದಾಗ ಹೊರಗೆ ಹಸುವೊಂದು ತಲೆಕೆಳಗಾಗಿ ನಡೆದುಹೋಯಿತು. ಮಕ್ಕಳು ಕಿರುಚಿದ ಸದ್ದಿಗೆ ಪಕ್ಕದ ತೋಟದವರು ಆನೆ ಬಂತೇನೋ ಎಂದು ಓಡಿಬಂದರು.

ಆನೆ ಎಂದಾಗ ನೆನಪಾಯಿತು. ನಮ್ಮಲ್ಲಿ ಆನೆಯ ಚಿತ್ರ ತಂದವರಿಗೆ ಬಹುಮಾನವಿಲ್ಲ, ಬೈಗುಳವಿದೆ. ಇಲ್ಲಿಯ ತೋಟಗಳಿಗೆ ಆನೆ ಬರುವುದು ಮಾಮೂಲು, ಮೊಬೈಲು ಹಿಡಿದು ಅದರ ಹಿಂದೆ ಹೋಗುವುದು ಸಾವಿನ ಜೊತೆ ಆಟ. ಹಕ್ಕಿ ಗೂಡಿನ ಎಲೆ ಕಿತ್ತು ಚಿತ್ರ ತೆಗೆಯುವಂತಿಲ್ಲ. ಗೂಡು ಬಯಲಾದರೆ ಕಾಗೆಗೆ ಕಾಣುತ್ತದೆ, ತಾಯಿ ಹಕ್ಕಿ ಹೆದರಿ ಬಿಟ್ಟುಹೋಗಬಹುದು. ಪ್ರಾಣಿಯ ಕ್ಷೇಮ ಮೊದಲು, ಚಿತ್ರ ಆಮೇಲೆ. ಪ್ರಕೃತಿ ವಿಭಾಗದ ಸ್ಪರ್ಧೆಗಳಲ್ಲಿ ಪ್ರಪಂಚವೆಲ್ಲ ಒಪ್ಪಿದ ನಿಯಮ ಇದು. ಕಂಪ್ಯೂಟರಿನಲ್ಲಿ ಇಲ್ಲದ್ದನ್ನು ಸೇರಿಸುವುದು, ಇದ್ದದ್ದನ್ನು ಅಳಿಸುವುದು ಕೂಡ ಆ ವಿಭಾಗದಲ್ಲಿ ಸಲ್ಲದು. ಹಾಗಾದರೆ ಮಕ್ಕಳು ಏನನ್ನು ತೆಗೆಯುತ್ತಾರೆ? ಜೇಡರ ಬಲೆಯ ಮೇಲಿನ ಇಬ್ಬನಿ, ಕಣದಲ್ಲಿ ಒಣಗುವ ಕಾಫಿ, ಅಜ್ಜಿಯ ಕೈ. ಬೇಸಿಗೆಯ ಹೂಮಳೆ ಬಿದ್ದ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದಲ್ಲ, ಆಗಂತೂ ಎಲ್ಲರಿಗೂ ಹಬ್ಬ. ಆ ಹೂವು ಎರಡು ಮೂರು ದಿನದಲ್ಲಿ ಬಾಡುತ್ತದೆ, ಹಾಗಾಗಿ ಭಾನುವಾರದವರೆಗೆ ಕಾಯುವಂತಿಲ್ಲ. ಬೆಳಿಗ್ಗೆ ಶಾಲೆಗೆ ಮುಂಚೆ ಎದ್ದು ಹೋದವರಿಗೇ ಚಿತ್ರ.

ವಿಶ್ವ ಛಾಯಾಗ್ರಹಣ ದಿನದಂದು ನಮ್ಮಲ್ಲಿ ಜಡಿಮಳೆ. ಆದ್ದರಿಂದ ವರ್ಷದ ಸ್ಪರ್ಧೆ, ಪ್ರದರ್ಶನ ಎರಡನ್ನೂ ನವೆಂಬರಿನಲ್ಲಿ, ಮಕ್ಕಳ ದಿನದ ಆಸುಪಾಸಿನ ಭಾನುವಾರ ಮಾಡುತ್ತೇವೆ. ಹೋದ ವರ್ಷ, ಎಂದರೆ 2024ರಲ್ಲಿ, ‘ಹಳೆಯ ಚಿತ್ರಗಳು’ ಎಂಬ ವಿಭಾಗವನ್ನೂ ಇಡೋಣ ಎಂದಾಯಿತು. ಏಳನೇ ತರಗತಿಯ ಮೊಮ್ಮಗಳು ಮಳೆಗಾಲದ ಒಂದು ರಜೆಯಲ್ಲಿ ನನ್ನ ಟ್ರಂಕು ತೆಗೆಸಿದಳು. ಆ ದೊಡ್ಡ ಚಿತ್ರ ಹೊರಗೆ ಬಂತು. ಹಿಂದೆ ಬಣ್ಣದ ಚೀಟಿ, ಜೊತೆಗೆ ಪ್ರಶಸ್ತಿ ಪತ್ರ.

“ತಾತ, ಸೂಪರ್! ಯಾರಿದು?”

“ಇಲ್ಲೇ ತೋಟದಲ್ಲಿ ಕೆಲಸ ಮಾಡ್ತಿದ್ದೋರು.”

“ಹೆಸರೇನು?”

ನನಗೆ ಗೊತ್ತಿರಲಿಲ್ಲ. ಪ್ರಶಸ್ತಿ ಪತ್ರದಲ್ಲಿ ನನ್ನ ಹೆಸರಿತ್ತು, ಚಿತ್ರಕ್ಕೆ ನಾನು ಕೊಟ್ಟ ಶೀರ್ಷಿಕೆಯಿತ್ತು. ಅವಳ ಹೆಸರು ಎಲ್ಲೂ ಇರಲಿಲ್ಲ.

“ಅವರಿಗೂ ಒಂದು ಫೋಟೋ ಕೊಟ್ರಾ?”

“ಕೊಟ್ಟಿರ್ಬೇಕು ಪುಟ್ಟಿ” ಎಂದುಬಿಟ್ಟೆ.

ಮೊಮ್ಮಗಳಿಗೆ ಸುಳ್ಳು ಹೇಳಿದ ರಾತ್ರಿ ನಿದ್ದೆ ಬರುವುದಿಲ್ಲ ಎಂಬುದು ಅನುಭವಿಸಿದವರಿಗೆ ಗೊತ್ತು. ಹಂಚಿನ ಮೇಲೆ ಮಳೆ ಬೀಳುತ್ತಿತ್ತು. ಬ್ಯಾಂಕಿನ ಬಾಗಿಲಲ್ಲಿ ನಿಂತವಳೇ ಕಣ್ಣ ಮುಂದೆ. ಮೂವತ್ತೆಂಟು ವರ್ಷದ ನೌಕರಿಯಲ್ಲಿ ದಿನದ ಕೊನೆಗೆ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕೂತು ಹುಡುಕಿ ಲೆಕ್ಕ ಸರಿಮಾಡಿದವನು ನಾನು. ಇದನ್ನು ಮಾತ್ರ ಹೇಗೆ ಬಿಟ್ಟೆ? ಅವಳು ಖಾತೆದಾರಳಲ್ಲ, ಕೇಳಿದರೆ ಉತ್ತರಿಸಬೇಕಾದ ಸಾಹುಕಾರರಲ್ಲ ಎಂದಲ್ಲವೇ? ಒಬ್ಬ ತೋಟದ ಧಣಿಯ ಫೋಟೋ ತೆಗೆದಿದ್ದರೆ ಮರುವಾರವೇ ಫ್ರೇಮ್ ಹಾಕಿಸಿ ಕೊಟ್ಟಿರುತ್ತಿದ್ದೆ. ಇದು ಒಪ್ಪಿಕೊಳ್ಳಲು ಕಷ್ಟವಾದ ಮಾತು. ಆದರೆ ನಿಜ.

ಬೆಳಿಗ್ಗೆ ಕಾಫಿ ಕುಡಿಯುವಾಗ ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೈಯುತ್ತಾಳೆ ಎಂದುಕೊಂಡೆ. “ಹಾಗಾದ್ರೆ ಈಗ ಕೊಡೋಣ ತಾತ” ಎಂದಳು.

“ಎಲ್ಲಿ ಅಂತ ಹುಡುಕೋದು? ನಲವತ್ತು ವರ್ಷ ಆಯ್ತಲ್ಲೇ.”

“ಕೇಳೋಣ. ಪಾಲಿಬೆಟ್ಟ ಏನು ಬೆಂಗ್ಳೂರಾ?”

ಮೊದಲು ನೆಗೆಟಿವ್ ಹುಡುಕಿದೆವು. ಬಿಸ್ಕತ್ತಿನ ಡಬ್ಬಿಯೊಳಗೆ, ತೆಳು ಕಾಗದದ ಚೀಲದಲ್ಲಿ, ಮೇಲೆ ನನ್ನದೇ ಗುಮಾಸ್ತ ಅಕ್ಷರದಲ್ಲಿ ತಾರೀಖು. ಅಲ್ಲಲ್ಲಿ ಬೂಷ್ಟಿನ ಚುಕ್ಕೆ ಬಿಟ್ಟರೆ ಚೆನ್ನಾಗಿತ್ತು. ಗೋಣಿಕೊಪ್ಪದ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿದೆವು. ಪರದೆಯ ಮೇಲೆ ಚಿತ್ರ ಪೂರ್ತಿ ತೆರೆದಾಗ ಮೊಮ್ಮಗಳು, “ತಾತ, ಇದ್ಯಾರು?” ಎಂದಳು.

ಚೌಕದ ಎಡ ಅಂಚಿನಲ್ಲಿ ನಾಲ್ಕೈದು ವರ್ಷದ ಒಂದು ಹುಡುಗಿ. ಒಂದು ತೋಳು ಹರಿದ ದೊಡ್ಡ ಅಂಗಿ. ತಾಯಿಯ ಸೆರಗಿನ ತುದಿ ಎರಡೂ ಕೈಯಲ್ಲಿ ಹಿಡಿದು, ಬಾಯಿ ತೆರೆದು ನನ್ನ ಕ್ಯಾಮೆರಾವನ್ನೇ ನೋಡುತ್ತಿದ್ದಾಳೆ. ನನಗೆ ಅವಳ ನೆನಪೇ ಇರಲಿಲ್ಲ. ಅಂದು ಬಚ್ಚಲುಮನೆಯಲ್ಲಿ ‘ಬೇಡದ್ದು’ ಎಂದು ಕತ್ತರಿಸಿದ್ದು ಅವಳನ್ನೇ.

ಹುಡುಕಾಟಕ್ಕೆ ಆರು ವಾರ ಹಿಡಿಯಿತು. ಆ ತೋಟದ ಹಳೆಯ ರೈಟರು ಅಮ್ಮತ್ತಿಯಲ್ಲಿದ್ದಾರೆಂದು ತಿಳಿದು ಹೋದೆವು. ಎಂಬತ್ತು ದಾಟಿದವರು, ಚಿತ್ರ ನೋಡಿದ ಕೂಡಲೇ ಗುರುತು ಹಿಡಿದು ಹೆಸರು ಹೇಳಿದರು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕುಟುಂಬ ತಿತಿಮತಿ ಕಡೆಗೆ ಹೋಗಿತ್ತು ಎಂದರು. ಅಲ್ಲಿಯ ಹಾಡಿಯಲ್ಲಿ ಕೇಳಿದಾಗ, ಆ ತಾಯಿ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು, ಮಗಳು ಸಿದ್ದಾಪುರದ ಹತ್ತಿರದ ತೋಟದಲ್ಲಿದ್ದಾಳೆ ಎಂದು ಗೊತ್ತಾಯಿತು. ಸಿದ್ದಾಪುರವೆಂದರೆ ನಮ್ಮ ಮನೆಯಿಂದ ಸ್ವಲ್ಪವೇ ದೂರ. ಇಷ್ಟು ವರ್ಷ ನಾನು ತರಕಾರಿಗೂ ಔಷಧಿಗೂ ಓಡಾಡುವ ದಾರಿ.

ಸೆಪ್ಟೆಂಬರಿನ ಒಂದು ಭಾನುವಾರ ಮಳೆ ಬಿಟ್ಟಿತ್ತು. ಇಬ್ಬರೂ ಹೋದೆವು. ನಲವತ್ತೈದು ದಾಟಿದ ಹೆಂಗಸು ಮನೆ ಮುಂದೆ ಸೌದೆ ಜೋಡಿಸುತ್ತಿದ್ದಳು. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ, ಎಲ್ಲ ಮರೆತುಹೋಯಿತು. ಸುಮ್ಮನೆ ಕವರು ಕೊಟ್ಟೆ.

ಅವಳು ಕೈ ಒರೆಸಿಕೊಂಡು ತೆಗೆದು ನೋಡಿದಳು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಬೆರಳಿನಿಂದ ಎಡ ಅಂಚನ್ನು ಮುಟ್ಟಿ, “ಇದು ನಾನು” ಎಂದಳು. “ಈ ಅಂಗಿ ಅಣ್ಣಂದು.”

ಒಳಗಿದ್ದ ಮಗ, ಸೊಸೆ, ಚಿಕ್ಕ ಮಕ್ಕಳು ಎಲ್ಲರನ್ನೂ ಕೂಗಿ ಕರೆದಳು. “ನೋಡ್ರೋ, ನನ್ನ ಅವ್ವ!” ಅವರಾರೂ ಆ ಮುಖ ನೋಡಿರಲಿಲ್ಲ. ಇದ್ದ ಒಂದೇ ಒಂದು ಫೋಟೋ ರೇಷನ್ ಕಾರ್ಡಿನದು, ಒಂದು ಮಳೆಗಾಲದಲ್ಲಿ ಮನೆ ಸೋರಿ ಅದೂ ಹಾಳಾಗಿತ್ತಂತೆ.

“ತಡವಾಯ್ತು ತಾಯಿ. ಇದನ್ನ ನಿಮ್ಮವ್ವನ ಕೈಗೆ ಕೊಡಬೇಕಿತ್ತು. ನನ್ನಿಂದ ತಪ್ಪಾಯ್ತು” ಎಂದೆ.

ಅವಳು ನನ್ನ ಮುಖ ನೋಡಿದಳು. “ನಂಗೆ ನೆನಪಿದೆ ಸಾರ್. ಬ್ಯಾಂಕ್ ಹತ್ರ ಅವ್ವ ನನ್ನೂ ಕರ್ಕೊಂಡು ಬರ್ತಿದ್ಲು. ಪಟ ಕೊಡ್ತಾರೆ ಅಂತ ತಲೆ ಬಾಚಿ ಕರ್ಕೊಂಡು ಬರ್ತಿದ್ಲು. ಆಮೇಲೆ, ಇನ್ನು ಹೋಗೋದು ಬೇಡ, ಅವ್ರು ಕೊಡಲ್ಲ ಅಂದ್ಲು.”

ಸಿಟ್ಟಿನಿಂದ ಹೇಳಲಿಲ್ಲ. ನಡೆದದ್ದನ್ನು ಹೇಳಿದಳು, ಅಷ್ಟೇ. ನನ್ನ ಹತ್ತಿರ ಉತ್ತರವಿರಲಿಲ್ಲ. ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು.

ಆಮೇಲೆ ಬೆಲ್ಲದ ಕಾಫಿ ಬಂತು. ಕುಡಿದೆವು. ಅವ್ವನ ವಿಷಯ ಅವಳು ಬಹಳ ಹೇಳಿದಳು. ಜೇನು ಎಲ್ಲಿದೆ ಎಂದು ದೂರದಿಂದಲೇ ಹೇಳುತ್ತಿದ್ದಳಂತೆ, ಚೆನ್ನಾಗಿ ಹಾಡುತ್ತಿದ್ದಳಂತೆ. ನಾನು ಬೆಳಕು ಮಾತ್ರ ನೋಡಿದ್ದ ಮುಖಕ್ಕೆ ಅಂದು ಒಂದು ಬದುಕು ಬಂತು. ಹೊರಡುವಾಗ ಅವಳೇ ಮೊಮ್ಮಗಳಿಗೆ, “ಮಗಾ, ನಮ್ಮೆಲ್ಲರದ್ದೂ ಒಂದು ತೆಗಿ” ಎಂದಳು. ಮನೆ ಮುಂದೆ ಎಲ್ಲರೂ ನಿಂತರು. ಅವಳು ಅವ್ವನ ಚಿತ್ರವನ್ನು ಎದೆಗೆ ಹಿಡಿದು ನಡುವೆ ನಿಂತಳು. ಅವಳ ಪುಟ್ಟ ಮೊಮ್ಮಗಳು ಅಂಚಿನಲ್ಲಿ ಸೀರೆ ಹಿಡಿದು ನಿಂತಿತು.

“ಯಾರನ್ನೂ ಬಿಡ್ಬೇಡ” ಎಂದೆ.

“ಗೊತ್ತು ತಾತ” ಎಂದಳು.

ಮರುದಿನವೇ ಪ್ರಿಂಟು ಹಾಕಿಸಿ, ಮುಂದಿನ ಭಾನುವಾರ ಕೊಟ್ಟು ಬಂದೆವು. ಅದನ್ನು ಸ್ಪರ್ಧೆಗೆ ಕೊಡಬಹುದೇ, ಅವ್ವನ ಚಿತ್ರವನ್ನು ಪ್ರದರ್ಶನದಲ್ಲಿ ಇಡಬಹುದೇ ಎಂದು ಕೇಳಿದೆವು. “ಹೆಸರು ಬರೀರಿ, ಇಡಿ” ಎಂದಳು.

ನವೆಂಬರಿನ ಪ್ರದರ್ಶನದಲ್ಲಿ ನನ್ನ ಎರಡು ಚಿತ್ರಗಳನ್ನು ಪಕ್ಕಪಕ್ಕ ತೂಗುಹಾಕಿದೆವು. ಒಂದು, ಪ್ರಶಸ್ತಿ ಬಂದ ಕತ್ತರಿಸಿದ ಚಿತ್ರ. ಇನ್ನೊಂದು, ಮಗಳೂ ಇರುವ ಪೂರ್ತಿ ಚಿತ್ರ. ಕೆಳಗೆ ತಾಯಿ ಮಗಳ ಹೆಸರು. ಯಾವುದು ಚೆನ್ನಾಗಿದೆ ಎಂದು ಚೀಟಿ ಹಾಕಲು ಮಕ್ಕಳಿಗೆ ಹೇಳಿದೆವು. ಸುಮಾರು ಅರ್ಧದಷ್ಟು ಮಕ್ಕಳು ಕತ್ತರಿಸಿದ್ದೇ ಚೆನ್ನಾಗಿದೆ ಎಂದು ಬರೆದಿದ್ದರು. ಮುಖ ದೊಡ್ಡದಾಗಿ ಕಾಣುತ್ತದೆ, ಬೆಳಕು ಚೆನ್ನಾಗಿದೆ ಎಂದು ಕಾರಣ. ಅದು ತಪ್ಪಲ್ಲ. ಚಿತ್ರವಾಗಿ ಅದು ಒಳ್ಳೆಯದೇ. ಆದರೆ ಮಧ್ಯಾಹ್ನ ಆ ಮಗಳು ಮನೆಯವರನ್ನೆಲ್ಲ ಕರೆದುಕೊಂಡು ಬಂದು ನೇರವಾಗಿ ಎರಡನೆಯದರ ಮುಂದೆ ಹೋಗಿ ನಿಂತಳು. ಮೊದಲನೆಯದನ್ನು ಒಂದು ಸಲ ನೋಡಿ, “ಇದ್ರಲ್ಲಿ ನಾನಿಲ್ಲ” ಎಂದಳು.

ನನ್ನ ಮೊಮ್ಮಗಳ ಚಿತ್ರಕ್ಕೆ ಬಹುಮಾನ ಬರಲಿಲ್ಲ. ಮಡಿಕೇರಿಯಿಂದ ಬಂದಿದ್ದ ತೀರ್ಪುಗಾರರು, “ತಲೆ ಮೇಲೆ ಜಾಗ ಜಾಸ್ತಿಯಾಯ್ತು, ಬಲಗಡೆ ಸೌದೆ ರಾಶಿ ಕಣ್ಣಿಗೆ ಹೊಡೆಯುತ್ತೆ” ಎಂದರು. ಸರಿಯಾಗಿಯೇ ಹೇಳಿದರು. ಅವಳು ಮುಖ ಊದಿಸಿಕೊಂಡು ಕೂತಿದ್ದಳು, ನಾನು ಬೆಂಗಳೂರಿನ ‘ಒಳ್ಳೆ ಕಾಗದ’ದ ಕಥೆ ಹೇಳಿದ ಮೇಲೆ ನಕ್ಕಳು.

ಅಂದು ಸಂಜೆ ಕುರ್ಚಿ ಮಡಿಸುವಾಗ ಈ ಹೊಸ ನಿಯಮದ ಮಾತು ಬಂದದ್ದು. ನಾನೇ ಹೇಳಿದೆ, ಎಲ್ಲರೂ ಒಪ್ಪಿದರು. ಪ್ರಿಂಟಿನ ಖರ್ಚು ಮಕ್ಕಳಿಗೆ ಹೊರೆಯಾಗಬಾರದೆಂದು ಹಿರಿಯರೆಲ್ಲ ಸೇರಿ ಒಂದು ಡಬ್ಬಿ ಇಟ್ಟಿದ್ದೇವೆ. ಅದರ ಲೆಕ್ಕ ನನ್ನದು. ಗುಮಾಸ್ತನಿಗೆ ನಿವೃತ್ತಿ ಎಲ್ಲಿದೆ?

ನನ್ನ ವಯಸ್ಸಿನ ಓದುಗರಲ್ಲಿ ಒಂದು ಮಾತು. ನಿಮ್ಮ ಟ್ರಂಕಿನಲ್ಲೂ ಹಳೆಯ ಚಿತ್ರಗಳಿರುತ್ತವೆ. ಮಳೆಗಾಲ ಬರುವ ಮುಂಚೆ ಹೊರಗೆ ತೆಗೆಯಿರಿ. ಹಿಂದೆ ಹೆಸರು ಬರೆಯಿರಿ, ಯಾರದೆಂದು ಹೇಳಬಲ್ಲವರು ನಾವೇ ಕೊನೆಯವರು. ಮಕ್ಕಳೇ, ನೀವು ಪಕ್ಕದಲ್ಲಿ ಕೂತು ಕೇಳಿ. ‘ಇವರಿಗೂ ಒಂದು ಕೊಟ್ರಾ?’ ಎಂದು ಕೇಳಲು ಮರೆಯಬೇಡಿ.

ಆ ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂ ಸುಮಾರು ಅರವತ್ತು ರೋಲಿನ ನೆಗೆಟಿವ್‌ಗಳಿವೆ. ಈ ರಜೆಯಲ್ಲಿ ಮೊಮ್ಮಗಳು ಮತ್ತು ನಾನು ಒಂದೊಂದಾಗಿ ನೋಡುತ್ತಿದ್ದೇವೆ. ಇಲ್ಲಿಯವರೆಗೆ ಇನ್ನೂ ನಾಲ್ಕು ಬಾಕಿ ಸಿಕ್ಕಿವೆ. ಎರಡು ತೀರಿಸಿದ್ದೇವೆ.